ಹಳೆಯ ಹೊಗೆಗೆ ಹೊಸ ಹೊಣೆ: ವೆಸ್ಟ್ ಕೋಸ್ಟ್ ಕೊಲ್ಯಾಬರೇಟಿವ್‌ನ ಎರಡು ದಶಕ

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ 2004ರಲ್ಲಿ ಒಂದು ಸಹಯೋಗ ಹುಟ್ಟಿಕೊಂಡಿತು. ವೆಸ್ಟ್ ಕೋಸ್ಟ್ ಕೊಲ್ಯಾಬರೇಟಿವ್ ಎಂದು ಅದರ ಹೆಸರು. ಕೇಂದ್ರ ಪರಿಸರ ಸಂರಕ್ಷಣಾ ಸಂಸ್ಥೆಯಾದ ಇಪಿಎಯ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಸಿಯಾಟಲ್ ಪ್ರಾದೇಶಿಕ ಕಚೇರಿಗಳು ಮುಂದಾಳತ್ವ ವಹಿಸಿದವು. ಕ್ಯಾಲಿಫೋರ್ನಿಯಾ, ಆರೆಗಾನ್, ವಾಷಿಂಗ್ಟನ್, ಅರಿಜೋನಾ, ನೆವಾಡಾ, ಐಡಾಹೊ, ಅಲಾಸ್ಕಾ, ಹವಾಯಿ ರಾಜ್ಯಗಳು ಜೊತೆಗೂಡಿದವು. ಮೂಲನಿವಾಸಿ ಬುಡಕಟ್ಟುಗಳ ಸರ್ಕಾರಗಳು, ಬಂದರುಗಳು, ಲಾರಿ ಮತ್ತು ರೈಲು ಉದ್ಯಮದವರು, ಪರಿಸರ ಸಂಘಟನೆಗಳು ಒಂದೇ ಮೇಜಿನ ಸುತ್ತ ಕುಳಿತವು. ಯಾರನ್ನೂ ದಂಡಿಸುವ ಅಧಿಕಾರ ಈ ಸಹಯೋಗಕ್ಕೆ ಇರಲಿಲ್ಲ. ಜನರನ್ನು ಕೂಡಿಸುವುದು, ಹಣ ಹೊಂದಿಸುವುದು, ಹಳೆಯ ಡೀಸೆಲ್ ಎಂಜಿನ್‌ಗಳನ್ನು ಒಂದೊಂದಾಗಿ ರಸ್ತೆಯಿಂದ, ಹೊಲದಿಂದ, ಬಂದರಿನಿಂದ ಇಳಿಸುವುದು ಅದು ವಹಿಸಿಕೊಂಡ ಕೆಲಸ.

ಆ ಕೆಲಸ ಏಕೆ ಬೇಕಾಯಿತು? ಡೀಸೆಲ್ ಮಸಿಯನ್ನು ಕ್ಯಾಲಿಫೋರ್ನಿಯಾ 1998ರಲ್ಲೇ ವಿಷಕಾರಿ ವಾಯುಮಾಲಿನ್ಯಗಳ ಪಟ್ಟಿಗೆ ಸೇರಿಸಿತ್ತು. ಲಾಸ್ ಏಂಜಲೀಸ್ ಸುತ್ತಲಿನ ಗಾಳಿಯನ್ನು ಅಳೆದ ಅಧ್ಯಯನವೊಂದು, ಗಾಳಿಯಲ್ಲಿನ ವಿಷಗಳಿಂದ ಬರುವ ಕ್ಯಾನ್ಸರ್ ಅಪಾಯದಲ್ಲಿ ಸುಮಾರು ಶೇ 70ರಷ್ಟು ಡೀಸೆಲ್ ಕಣಗಳದ್ದೇ ಎಂದು ಕಂಡುಕೊಂಡಿತು. ಮುಂದೆ 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವೂ ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾಗಿ ಸಾರಿತು.

ಸರ್ಕಾರ ಕೈಕಟ್ಟಿ ಕುಳಿತಿರಲಿಲ್ಲ. ಹೆದ್ದಾರಿ ವಾಹನಗಳ ಡೀಸೆಲ್‌ನಲ್ಲಿ ಹತ್ತು ಲಕ್ಷ ಭಾಗಕ್ಕೆ 500 ಭಾಗ ಇರಬಹುದಾಗಿದ್ದ ಗಂಧಕವನ್ನು 2006ರಿಂದ 15 ಭಾಗಕ್ಕೆ ಇಳಿಸಲಾಯಿತು. ಗಂಧಕ ಕಡಿಮೆಯಾದರೆ ಮಾತ್ರ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಬಾಳುತ್ತದೆ. ಹಾಗಾಗಿ 2007ರ ಮಾದರಿಯಿಂದ ಹೊಸ ಲಾರಿಗಳು ಫಿಲ್ಟರ್ ಹೊತ್ತೇ ಕಾರ್ಖಾನೆಯಿಂದ ಹೊರಬಂದವು. ಆದರೆ ಈ ನಿಯಮ ಹೊಸ ಎಂಜಿನ್‌ಗೆ ಮಾತ್ರ. ಆ ಹೊತ್ತಿಗೆ ದೇಶದಲ್ಲಿ ಸುಮಾರು 1.1 ಕೋಟಿ ಹಳೆಯ ಡೀಸೆಲ್ ಎಂಜಿನ್‌ಗಳು ಓಡುತ್ತಿದ್ದವು. ಡೀಸೆಲ್ ಎಂಜಿನ್ ಗಟ್ಟಿ ಜೀವ. ಬಿಚ್ಚಿ ರಿಪೇರಿ ಮಾಡಿಸುತ್ತ ಬಂದರೆ ಮೂವತ್ತು ವರ್ಷವೂ ದುಡಿಯುತ್ತದೆ. ದೊಡ್ಡ ಕಂಪನಿ ಕೊಂಡ ಲಾರಿ ಕೈಯಿಂದ ಕೈಗೆ ಮಾರಾಟವಾಗುತ್ತ ಕೊನೆಗೆ ಬಂದರಿನಲ್ಲಿ ಕಂಟೇನರ್ ಸಾಗಿಸುವ ಒಂಟಿ ಚಾಲಕನ ಪಾಲಿಗೆ ಬರುತ್ತದೆ. ಹೊಸದನ್ನು ಕೊಳ್ಳುವ ಶಕ್ತಿ ಅವನಿಗಿಲ್ಲ. ಅವನ ಲಾರಿಯ ಹೊಗೆ ಮೊದಲು ತಟ್ಟುವುದು ಅವನಿಗೆ, ಆಮೇಲೆ ಬಂದರಿನ ಪಕ್ಕದ ಬಡ ಕೇರಿಗೆ.

ಈ ಗಂಟನ್ನು ಬಿಡಿಸಲು ಹಣ ಬೇಕಿತ್ತು. ಓಹಿಯೊದ ರಿಪಬ್ಲಿಕನ್ ಸೆನೆಟರ್ ಜಾರ್ಜ್ ವೊಯ್ನೊವಿಚ್ ಮತ್ತು ಡೆಲವೇರ್‌ನ ಡೆಮಾಕ್ರಟಿಕ್ ಸೆನೆಟರ್ ಟಾಮ್ ಕಾರ್ಪರ್ ಪಕ್ಷಭೇದ ಮರೆತು ದುಡಿದದ್ದರಿಂದ 2005ರಲ್ಲಿ ಡೀಸೆಲ್ ಹೊಗೆ ತಗ್ಗಿಸುವ ಕಾಯ್ದೆ ಬಂತು. ‘ಡೇರಾ’ ಎಂದೇ ಎಲ್ಲರೂ ಕರೆಯುವ ಈ ಕಾಯ್ದೆಯಡಿ 2008ರಲ್ಲಿ ಮೊದಲ ಸಲ ಸುಮಾರು 4.9 ಕೋಟಿ ಡಾಲರ್ ಸಿಕ್ಕಿತು. ಮರುವರ್ಷ ಆರ್ಥಿಕ ಚೇತರಿಕೆ ಯೋಜನೆಯಲ್ಲಿ 30 ಕೋಟಿ ಡಾಲರ್ ಹರಿದುಬಂತು. ಕಾಯ್ದೆಯ ಅವಧಿ ವಿಸ್ತರಣೆಗೆ ಅಧ್ಯಕ್ಷ ಒಬಾಮ ಸಹಿ ಹಾಕಿದ್ದು 2011ರ ಜನವರಿ 4ರಂದು. ವೊಯ್ನೊವಿಚ್ ಅವರ ಸೆನೆಟ್ ಅವಧಿ ಅದರ ಹಿಂದಿನ ದಿನವಷ್ಟೇ ಮುಗಿದಿತ್ತು.

ಪಶ್ಚಿಮದ ರಾಜ್ಯಗಳಲ್ಲಿ ಈ ಹಣವನ್ನು ಕೆಲಸಕ್ಕೆ ಹಚ್ಚಿದ್ದು ಕೊಲ್ಯಾಬರೇಟಿವ್. ಅದರ ಲೆಕ್ಕಾಚಾರ ಶಿಸ್ತಿನದು. ಹಳೆಯ ವಾಹನ ಕೊಟ್ಟು ಹೊಸ ಡೀಸೆಲ್ ವಾಹನ ಕೊಂಡರೆ ಇತ್ತೀಚಿನ ವರ್ಷಗಳಲ್ಲಿ ಸಾಮಾನ್ಯವಾಗಿ ಬೆಲೆಯ ಶೇ 25, ಹೊಗೆಯೇ ಇಲ್ಲದ ವಿದ್ಯುತ್ ವಾಹನವಾದರೆ ಶೇ 45ರವರೆಗೆ ನೆರವು. ಉಳಿದದ್ದನ್ನು ಮಾಲೀಕರು, ರಾಜ್ಯ, ಬಂದರು ಹಂಚಿಕೊಳ್ಳಬೇಕು. ಹಳೆಯದನ್ನು ಬೇರೆ ಊರಿಗೆ ಮಾರುವಂತಿಲ್ಲ. ಎಂಜಿನ್ ಬ್ಲಾಕ್‌ನಲ್ಲಿ 3 ಅಂಗುಲ ಉದ್ದ, 3 ಅಂಗುಲ ಅಗಲದ ತೂತು ಕೊರೆಯಬೇಕು, ಚಾಸಿಯನ್ನು ಕತ್ತರಿಸಬೇಕು, ಅದರ ಫೋಟೊಗಳನ್ನು ಕಡತದಲ್ಲಿ ಇಡಬೇಕು. ಕೈಯಗಲದ ಆ ತೂತು ಬಿದ್ದ ಬ್ಲಾಕನ್ನು ಯಾವ ಮೆಕ್ಯಾನಿಕ್ಕೂ ಮತ್ತೆ ಎಬ್ಬಿಸಲಾರ. ಒಂದು ಊರಿನ ಹೊಗೆ ಇನ್ನೊಂದು ಊರಿನ ಮಕ್ಕಳ ತಲೆಗೆ ಕಟ್ಟುವುದು ಅಲ್ಲಿಗೆ ನಿಂತಿತು. ಈ ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ನ್ಯಾಯವಾಗಿ ಕಾಣುವ ನಿಯಮ ಇದೇ.

ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಪಾಲುದಾರಿಕೆಯ ಬೆಲೆ ಚೆನ್ನಾಗಿ ತಿಳಿಯುತ್ತದೆ. ಅಲ್ಲಿನ ಗುಡ್ಡದ ಬದಿಯ 580 ಹೆದ್ದಾರಿಯಲ್ಲಿ ದೊಡ್ಡ ಲಾರಿಗಳಿಗೆ ದಶಕಗಳಿಂದ ನಿಷೇಧ. ಅವೆಲ್ಲ ಬಡವರ ಬಡಾವಣೆಗಳನ್ನು ಹಾದುಹೋಗುವ 880 ಹೆದ್ದಾರಿಗೇ ಬರಬೇಕು. ವೆಸ್ಟ್ ಓಕ್ಲೆಂಡ್‌ನ ಮಾರ್ಗರೆಟ್ ಗಾರ್ಡನ್ ಮತ್ತು ಅವರ ನೆರೆಹೊರೆಯವರು ಕೇರಿಯ ಗಾಳಿಯ ಲೆಕ್ಕವನ್ನು ತಾವೇ ಕಲೆಹಾಕಿ ಅಧಿಕಾರಿಗಳ ಮುಂದಿಟ್ಟರು. ಬಂದರಿನ ಹಳೆಯ ಲಾರಿಗಳಿಗೆ ಕಡಿವಾಣ ಹಾಕುವ ರಾಜ್ಯದ ನಿಯಮ 2010ರ ಜನವರಿಯಲ್ಲಿ ಜಾರಿಗೆ ಬಂದಾಗ ಸರ್ಕಾರಗಳು, ವಾಯು ಮಂಡಳಿ, ಬಂದರು ಕೂಡಿ ಫಿಲ್ಟರ್‌ಗೂ ಹೊಸ ಲಾರಿಗೂ ಹಣ ಒದಗಿಸಿದವು. ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಮೇಲ್ಸೇತುವೆಯಿಂದ ಕೊಳವೆ ಇಳಿಬಿಟ್ಟು, ಕೆಳಗೆ ಸಾಗುವ ಒಂದೊಂದು ಲಾರಿಯ ಹೊಗೆಯನ್ನೂ ಅಳೆದರು. 2009ರ ನವೆಂಬರ್‌ನಿಂದ 2010ರ ಜೂನ್ ಒಳಗೆ ಮಸಿಯ ಪ್ರಮಾಣ ಸುಮಾರು ಅರ್ಧಕ್ಕೆ, ನೈಟ್ರೋಜನ್ ಆಕ್ಸೈಡ್‌ಗಳು ಶೇ 40ರಷ್ಟು ಇಳಿದಿದ್ದವು. ಸಹಜವಾಗಿ ಹಳೆಯ ಲಾರಿಗಳು ಸವೆದು ಹೋಗಲಿ ಎಂದು ಬಿಟ್ಟಿದ್ದರೆ ಇದಕ್ಕೆ ಎಷ್ಟೋ ವರ್ಷ ಹಿಡಿಯುತ್ತಿತ್ತು.

ಉತ್ತರದ ಟಕೋಮಾ ಬಂದರಿನಲ್ಲಿ, ಅಲಾಸ್ಕಾಗೆ ಸರಕು ಒಯ್ಯುವ ಹಡಗುಗಳು 2010ರಿಂದ ದಡದ ವಿದ್ಯುತ್ತಿಗೆ ತಂತಿ ಜೋಡಿಸಿ, ನಿಂತಲ್ಲಿ ಜನರೇಟರ್ ಆರಿಸತೊಡಗಿದವು. ಅದಕ್ಕೂ ಇಪಿಎ ಅನುದಾನದ ಬಲವಿತ್ತು. ವಾಷಿಂಗ್ಟನ್ ರಾಜ್ಯದ ಶಾಲಾ ಬಸ್‌ಗಳಿಗೆ ಹೊಗೆ ತಡೆಯುವ ಸಾಧನ ಹಾಕಿ, ಶುದ್ಧ ಡೀಸೆಲ್ ತುಂಬಿಸಿದ ಮೇಲೆ 275 ಮಕ್ಕಳನ್ನು ಗಮನಿಸಿದ ಸಂಶೋಧಕರಿಗೆ ಶ್ವಾಸಕೋಶದ ಉರಿಯೂತವೂ ಶಾಲೆ ತಪ್ಪಿಸುವುದೂ ಕಡಿಮೆಯಾದದ್ದು ಕಂಡಿತು. ಒಂದು ಮಗು ಕೆಮ್ಮದೆ ತರಗತಿಯಲ್ಲಿ ಕೂರುವುದಕ್ಕಿಂತ ದೊಡ್ಡ ಪ್ರತಿಫಲ ಯಾವ ಅನುದಾನಕ್ಕಿದೆ?

ಕೊರತೆಗಳನ್ನೂ ಹೇಳಲೇಬೇಕು. ಓಕ್ಲೆಂಡ್‌ನಲ್ಲಿ ಹಣ ಎಲ್ಲ ಚಾಲಕರಿಗೆ ಸಾಲಲಿಲ್ಲ. ಸಾಲ ಮಾಡಿ ಲಾರಿ ಕೊಂಡವರು, ಕೆಲಸ ಬಿಟ್ಟವರು ಇದ್ದರು. ವಾಷಿಂಗ್ಟನ್ ಡಿ.ಸಿ.ಯ ಬಜೆಟ್ ಏರಿಳಿದಂತೆ ಅನುದಾನವೂ ಏರಿಳಿಯಿತು. ಕೇರಿಯ ಜನ ದನಿ ಎತ್ತಿದಲ್ಲಿ ಹಣ ಬೇಗ ಬಂತು, ಎತ್ತದ ಕಡೆ ತಡವಾಯಿತು. ಮುಂದಿನ ದಶಕದ ಕೆಲಸ ಈ ಮೂರು ಕೊರತೆಗಳಲ್ಲೇ ಇದೆ.

ಕನ್ನಡ ನಾಡಿಗೂ ಇದರಲ್ಲಿ ಪಾಠವಿದೆ. ಭಾರತದಲ್ಲಿ 2020ರ ಏಪ್ರಿಲ್‌ನಿಂದ ಬಿಎಸ್-6 ಡೀಸೆಲ್ ಬಂದು ಗಂಧಕ 10 ಭಾಗಕ್ಕಿಳಿದಿದೆ. ಅಂದರೆ ಫಿಲ್ಟರ್ ಬಾಳುವ ಇಂಧನ ನಮ್ಮ ಬಂಕಿನಲ್ಲೇ ಇದೆ. ಹಳೆಯ ಲಾರಿಗಳೂ ಇವೆ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಸೇರಿವೆ. ಆದರೆ ಬೆಂಗಳೂರಿನಲ್ಲಿ ಓಡುವ ಲಾರಿ ಹೊಸೂರಿನದೂ ಇರಬಹುದು, ಅನಂತಪುರದ್ದೂ ಇರಬಹುದು. ದಕ್ಷಿಣದ ರಾಜ್ಯಗಳು ಹಣವನ್ನೂ ಹೊಣೆಯನ್ನೂ ಹಂಚಿಕೊಂಡು ಒಂದೇ ಮೇಜಿಗೆ ಬಂದರೆ ಮಾತ್ರ ಈ ಲೆಕ್ಕ ಕೂಡುತ್ತದೆ.

ಹಳೆಯ ಎಂಜಿನ್‌ನ ಒಡೆಯನನ್ನು ಅಪರಾಧಿಯೆಂದು ಕಟಕಟೆಗೆ ಎಳೆಯದೆ, ಅವನ ಹೆಗಲಿನ ಭಾರಕ್ಕೆ ಸಮಾಜವೂ ಹೆಗಲು ಕೊಡಬೇಕು ಎಂಬುದನ್ನು ಕೊಲ್ಯಾಬರೇಟಿವ್ ಎರಡು ದಶಕ ಮಾಡಿ ತೋರಿಸಿತು. ಅದಕ್ಕಾಗಿ ಕಡತ ಹಿಡಿದು ಓಡಾಡಿದ ಅಧಿಕಾರಿಗಳಿಗೆ, ಸಭೆಗಳಲ್ಲಿ ಎದ್ದು ನಿಂತು ಮಾತಾಡಿದ ತಾಯಂದಿರಿಗೆ, ಸಾಲ ಮಾಡಿಯಾದರೂ ಲಾರಿ ಬದಲಿಸಿದ ಚಾಲಕರಿಗೆ ವಂದನೆಗಳು. ಉಳಿದ ಎಂಜಿನ್‌ಗಳ ಕೆಲಸ ನಿಲ್ಲದಿರಲಿ, ಅದಕ್ಕೆ ಬೇಕಾದ ಹಣ ಬತ್ತದಿರಲಿ.