ಬಲ್ಬಿನ ಬುಡದ ಚರಿತ್ರೆ

ವಿದ್ಯುತ್ ದೀಪದ ಚರಿತ್ರೆ ಬರೆದವರಲ್ಲಿ ಹೆಚ್ಚಿನವರು ನೋಡಿದ್ದು ಗಾಜಿನ ಒಳಗನ್ನು. ಮೊದಲು ಇಂಗಾಲದ ಎಳೆ, ಆಮೇಲೆ ಟಂಗ್‌ಸ್ಟನ್, ಈಗ ಎಲ್‌ಇಡಿ. ಆ ಗಾಜಿನ ಬುಡದಲ್ಲಿ ಒಂದು ಹಿತ್ತಾಳೆಯ ತುಂಡಿರುತ್ತದೆ. ಅದರ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ. ಒಬ್ಬ ತಯಾರಕನ ಬಲ್ಬು ಇನ್ನೊಬ್ಬನ ಹೋಲ್ಡರಿಗೆ ಕೂರುತ್ತದೋ ಇಲ್ಲವೋ ಎಂದು ನೂರು ವರ್ಷ ತೀರ್ಮಾನಿಸಿದ್ದು ಮಾತ್ರ ಆ ಹಿತ್ತಾಳೆಯೇ. ಇವತ್ತು ಫೋನಿನಿಂದ ಉರಿಸಿ ಆರಿಸುವ, ಬಣ್ಣ ಬದಲಿಸುವ ವೈರ್‌ಲೆಸ್ ಬಲ್ಬುಗಳು ಬಂದಿವೆ. ಅವುಗಳ ಬುಡವೂ ಅದೇ ಹಿತ್ತಾಳೆಯ ಆಕಾರದ್ದೇ. ಆದರೆ ತೀರ್ಮಾನ ಅಲ್ಲಿಂದ ಎದ್ದು ಬೇರೆ ಕಡೆಗೆ ಹೋಗಿದೆ. ಎಲ್ಲಿಗೆ, ಯಾರ ಕೈಗೆ ಎಂಬುದು ಈ ಬರಹದ ವಿಷಯ.

ಅಮೆರಿಕದಲ್ಲಿ ಎಡಿಸನ್ 1879ರಲ್ಲಿ ತನ್ನ ದೀಪವನ್ನು ತೋರಿಸಿದ. ಅವನ ಹೆಸರಿನಲ್ಲೇ ಉಳಿದಿರುವುದು ತಿರುಪಿನ ಬುಡ. ಇಂಗ್ಲೆಂಡಿನಲ್ಲಿ ಅದೇ ಕಾಲಕ್ಕೆ ದೀಪ ಮಾಡಿದವನು ಜೋಸೆಫ್ ಸ್ವಾನ್. ಆ ದೇಶದಲ್ಲಿ ನೆಲೆ ನಿಂತದ್ದು ಎರಡು ಪಿನ್ನಿನ ಬುಡ. ಒತ್ತಿ, ಸ್ವಲ್ಪ ತಿರುಗಿಸಿ ಬಿಟ್ಟರೆ ಕೂತುಕೊಳ್ಳುವಂಥದ್ದು. ಬಂದೂಕಿನ ತುದಿಗೆ ಬಾಯೊನೆಟ್ ಸಿಕ್ಕಿಸುವ ರೀತಿಯಿಂದ ಅದಕ್ಕೆ ಆ ಹೆಸರು ಬಂತು. ತಮಾಷೆಯೆಂದರೆ 1883ರಲ್ಲಿ ಎಡಿಸನ್ ಮತ್ತು ಸ್ವಾನ್ ಇಂಗ್ಲೆಂಡಿನಲ್ಲಿ ಒಂದೇ ಕಂಪನಿಯಾದರು. ವ್ಯಾಪಾರ ಒಂದಾಯಿತು, ಬುಡಗಳು ಒಂದಾಗಲಿಲ್ಲ. ಅಮೆರಿಕದ ಒಳಗೂ ಶಾಂತಿಯೇನಿರಲಿಲ್ಲ. ಎಡಿಸನ್ನನದು ಒಂದು ಬುಡ, ವೆಸ್ಟಿಂಗ್‌ಹೌಸ್‌ನದು ಇನ್ನೊಂದು, ಥಾಮ್ಸನ್-ಹ್ಯೂಸ್ಟನ್‌ನದು ಮತ್ತೊಂದು. ಒಂದರ ಹೋಲ್ಡರಿಗೆ ಇನ್ನೊಂದರ ಬಲ್ಬು ಹಾಕಲು ನಡುವೆ ಒಂದು ಹಿತ್ತಾಳೆಯ ಅಡಾಪ್ಟರ್ ಬೇಕಾಗುತ್ತಿತ್ತು. ಇಂದಿನ ಸ್ಮಾರ್ಟ್ ಮನೆಯಲ್ಲಿ ‘ಹಬ್’ ಎಂದು ಕರೆಯುವ ಡಬ್ಬಿ ಆ ಅಡಾಪ್ಟರಿನ ಮೊಮ್ಮಗ.

ನಮ್ಮ ಕಡೆಯ ಕತೆ ಇನ್ನೂ ಸ್ವಾರಸ್ಯವಾಗಿದೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು; 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ವಿದ್ಯುತ್ ಯಂತ್ರಗಳನ್ನು ಒದಗಿಸಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್, ಅಂದರೆ ಎಡಿಸನ್ನನ ಕಂಪನಿಯ ವಾರಸುದಾರ. ಆದರೂ ನಮ್ಮ ಮನೆಗಳಲ್ಲಿ ಉಳಿದುಕೊಂಡದ್ದು ಬ್ರಿಟಿಷರ ಪಿನ್ನಿನ ಹೋಲ್ಡರ್. ಸಂಸ್ಥಾನ ಯಾರಿಂದ ಯಂತ್ರ ಕೊಂಡಿತು ಎನ್ನುವುದಕ್ಕಿಂತ ಅಂಗಡಿಯಲ್ಲಿ ಯಾರ ಸರಕು ಸಿಗುತ್ತದೆ ಎನ್ನುವುದೇ ಕೊನೆಗೆ ಗೆಲ್ಲುತ್ತದೆ. 22 ಮಿಲಿಮೀಟರ್ ವ್ಯಾಸದ ಆ ಬುಡಕ್ಕೆ ಇಂದಿನ ಹೆಸರು ಬಿ22. ಹೊಸದಾಗಿ ಬರುವ ಸ್ಮಾರ್ಟ್ ಬಲ್ಬು ಕೂಡ ನಮ್ಮ ಮಾರುಕಟ್ಟೆಗೆ ಇಳಿಯಬೇಕಾದರೆ ಮೊದಲು ಈ ಎರಡು ಪಿನ್ನು ಹಾಕಿಕೊಂಡೇ ಬರಬೇಕು.

ಬುಡದ ಜಗಳ ಮುಗಿದ ಮೇಲೆ ಕಂಪನಿಗಳು ಸುಮ್ಮನೆ ಕೂತವು ಎಂದೇನೂ ಅಲ್ಲ. 1924ರ ಕೊನೆಯಲ್ಲಿ ಜಿನೀವಾದಲ್ಲಿ ಫಿಲಿಪ್ಸ್, ಓಸ್ರಾಮ್ ಮೊದಲಾದ ದೊಡ್ಡ ತಯಾರಕರು ಸೇರಿ ‘ಫೀಬಸ್’ ಎಂಬ ಕೂಟ ಕಟ್ಟಿಕೊಂಡರು. ಬಲ್ಬು 1000 ಗಂಟೆಗಿಂತ ಹೆಚ್ಚು ಉರಿಯಬಾರದು ಎಂದು ಗೊತ್ತುಮಾಡಿದರು. ಯಾರ ಬಲ್ಬು ಹೆಚ್ಚು ಕಾಲ ಬಾಳುತ್ತದೋ ಆ ತಯಾರಕರಿಗೇ ದಂಡ. ಬುಡವನ್ನು ಬಿಟ್ಟುಕೊಟ್ಟವರು ಆಯುಸ್ಸನ್ನು ಹಿಡಿದುಕೊಂಡರು. ಆದರೂ ಒಂದು ಮಾತು ಗಮನಿಸಬೇಕು. ಅಂಗಡಿಯಿಂದ ಮನೆಗೆ ತಂದ ಬಲ್ಬನ್ನು, ಅದರ 1000 ಗಂಟೆಯ ಬದುಕಿನಲ್ಲಿ, ‘ಈ ಹೋಲ್ಡರಿಗೆ ನೀನು ಕೂರಬೇಡ’ ಎಂದು ತಡೆಯುವ ಶಕ್ತಿ ಆ ಕೂಟಕ್ಕೂ ಇರಲಿಲ್ಲ. ಹಿತ್ತಾಳೆ ಒಮ್ಮೆ ಕಾರ್ಖಾನೆ ದಾಟಿದರೆ ಮುಗಿಯಿತು.

ದೂರದಿಂದ ದೀಪ ಆಡಿಸುವ ಆಸೆ ಮನೆಗಳಿಗೆ ಬಂದದ್ದು 1975ರಲ್ಲಿ ಸ್ಕಾಟ್ಲೆಂಡಿನ ಪೀಕೊ ಎಲೆಕ್ಟ್ರಾನಿಕ್ಸ್ ಹೊರತಂದ ಎಕ್ಸ್10 ಎಂಬ ಪದ್ಧತಿಯ ಜೊತೆ. ಅದು ಸಂದೇಶವನ್ನು ಮನೆಯ ವಿದ್ಯುತ್ ತಂತಿಯಲ್ಲೇ ಕಳಿಸುತ್ತಿತ್ತು. ಮನೆಗೆ 16 ಸಂಕೇತ, ಸಾಧನಕ್ಕೆ 16, ಒಟ್ಟು 256 ವಿಳಾಸ. ಪಕ್ಕದ ಮನೆಯವರೂ ಅದೇ ಸಂಕೇತ ಇಟ್ಟುಕೊಂಡಿದ್ದರೆ ಅವರು ಗುಂಡಿ ಒತ್ತಿದಾಗ ನಮ್ಮ ಮನೆಯ ದೀಪ ಹತ್ತುವುದೂ ಇತ್ತು! ಕಳಿಸಿದ ಆಜ್ಞೆ ದೀಪಕ್ಕೆ ಮುಟ್ಟಿತೋ ಇಲ್ಲವೋ ತಿಳಿಯುವ ಉಪಾಯವೂ ಇರಲಿಲ್ಲ. ಇಷ್ಟೆಲ್ಲ ಇದ್ದರೂ ಅದು ದಶಕಗಳ ಕಾಲ ಬಾಳಿತು.

ಮುಂದಿನ ಹೆಜ್ಜೆ ರೇಡಿಯೊ. 2003ರಲ್ಲಿ ಐಇಇಇ ಸಂಸ್ಥೆ 802.15.4 ಎಂಬ ಮಾನಕವನ್ನು ಪ್ರಕಟಿಸಿತು. ಕಡಿಮೆ ವಿದ್ಯುತ್ತಿನಲ್ಲಿ, ಕಡಿಮೆ ದೂರಕ್ಕೆ, ಸಣ್ಣ ಸಣ್ಣ ಸಂದೇಶ ಕಳಿಸುವ ರೇಡಿಯೊಗಳಿಗಾಗಿ. ಅದರ ಮೇಲೆ ಕಟ್ಟಿದ್ದು ಜಿಗ್‌ಬೀ. ಇಲ್ಲಿ ಸಾಮಾನ್ಯವಾಗಿ ಎಲ್ಲರೂ ಎಡವುವ ಒಂದು ಜಾಗವಿದೆ. ‘ಎರಡೂ ಜಿಗ್‌ಬೀ, ಆದರೂ ಯಾಕೆ ಒಂದಕ್ಕೊಂದು ಮಾತಾಡುವುದಿಲ್ಲ?’ ಎಂದು ಜನ ಕೇಳುತ್ತಾರೆ. ಕನ್ನಡ ಲಿಪಿಯಲ್ಲಿ ಕನ್ನಡವನ್ನೂ ಬರೆಯುತ್ತೇವೆ, ತುಳುವನ್ನೂ ಕೊಂಕಣಿಯನ್ನೂ ಬರೆಯುತ್ತೇವೆ. ಅಕ್ಷರ ಬಲ್ಲವನು ಮೂರನ್ನೂ ಗಟ್ಟಿಯಾಗಿ ಓದಬಲ್ಲ. ಅರ್ಥವಾಗುವುದು ತಾನು ಬಲ್ಲ ಭಾಷೆ ಮಾತ್ರ. ರೇಡಿಯೊ ಅಂದರೆ ಲಿಪಿ. ಅದರ ಮೇಲೆ ‘ಹೋಮ್ ಆಟೊಮೇಷನ್’ ಎಂಬ ಒಂದು ಭಾಷೆ, 2012ರಲ್ಲಿ ದೀಪಗಳಿಗೆಂದೇ ಬಂದ ‘ಲೈಟ್ ಲಿಂಕ್’ ಎಂಬ ಇನ್ನೊಂದು ಭಾಷೆ. ಡಬ್ಬಿಯ ಮೇಲೆ ಮಾತ್ರ ಎರಡಕ್ಕೂ ಒಂದೇ ಹೆಸರು. ಇವನ್ನೆಲ್ಲ ಒಟ್ಟುಗೂಡಿಸುವ ಜಿಗ್‌ಬೀ 3.0 ಬರಲು ಇನ್ನೂ ಕೆಲವು ವರ್ಷ ಕಾಯಬೇಕಾಯಿತು.

ಇದೇ ಹೊತ್ತಿಗೆ ಡೆನ್ಮಾರ್ಕಿನಲ್ಲಿ ಹುಟ್ಟಿದ ಜಡ್-ವೇವ್ ಎಂಬ ಪದ್ಧತಿಯ ತೊಡಕು ಬೇರೆ. ಅದು ಒಂದೊಂದು ದೇಶದಲ್ಲಿ ಒಂದೊಂದು ತರಂಗ ಬಳಸುತ್ತದೆ. ಅಮೆರಿಕದಲ್ಲಿ 908 ಮೆಗಾಹರ್ಟ್ಸ್ ಆಸುಪಾಸು, ಭಾರತದಲ್ಲಿ 865. ಅಲ್ಲಿಂದ ರಜೆಗೆ ಬರುವವರು ಸೂಟ್‌ಕೇಸಿನಲ್ಲಿ ತರುವ ಸ್ವಿಚ್ಚು ಇಲ್ಲಿನ ಹಬ್ಬಿಗೆ ಕೇಳಿಸುವುದೇ ಇಲ್ಲ. ಅವರು ತರುವ ತಿರುಪಿನ ಬಲ್ಬಿನ ಕತೆ ಉಲ್ಟಾ. ಅಮೆರಿಕದ 26 ಮಿಲಿಮೀಟರಿನ ಬುಡ ಯುರೋಪಿನ 27ರ ಹೋಲ್ಡರಿಗೆ ಸಾಮಾನ್ಯವಾಗಿ ಕೂರುತ್ತದೆ. ಅದು 120 ವೋಲ್ಟಿಗಷ್ಟೇ ಮಾಡಿದ್ದಾದರೆ ನಮ್ಮ 230 ವೋಲ್ಟು ತಾಗುತ್ತಿದ್ದಂತೆ ಸುಟ್ಟುಹೋಗುತ್ತದೆ. ಹೊಂದಿಕೊಳ್ಳುವುದು ಬೇರೆ, ಬಾಳುವುದು ಬೇರೆ.

ಲೈಟ್ ಲಿಂಕ್ ಭಾಷೆಯಾಡುವ ದೀಪಗಳಲ್ಲಿ ಮನೆಮಾತಾದದ್ದು ಫಿಲಿಪ್ಸ್ ಹ್ಯೂ. 2012ರ ಅಕ್ಟೋಬರ್ ಕೊನೆಯಲ್ಲಿ ಆ್ಯಪಲ್ ಅಂಗಡಿಗಳಲ್ಲಿ ಅದು ಮಾರಾಟಕ್ಕೆ ಬಂತು. ಮೂರು ಬಲ್ಬು, ಒಂದು ದುಂಡನೆಯ ಬಿಳಿ ‘ಬ್ರಿಡ್ಜ್’, ಬೆಲೆ 199 ಡಾಲರ್. ಬ್ರಿಡ್ಜಿಗೆ 50 ಬಲ್ಬುಗಳವರೆಗೆ ಸೇರಿಸಬಹುದು ಎಂದು ಕಂಪನಿ ಹೇಳಿತು. ಅಷ್ಟು ಬಲ್ಬನ್ನು ಹ್ಯೂ ಬೆಲೆಗೆ ಕೊಳ್ಳುವವರು ಎಷ್ಟು ಮಂದಿ? 2014ರ ಹೊತ್ತಿಗೆ ಕ್ರೀ ಎಂಬ ಅಮೆರಿಕದ ಕಂಪನಿ 15 ಡಾಲರಿಗೆ ಬಲ್ಬು ಕೊಟ್ಟಿತು. ಜನರಲ್ ಎಲೆಕ್ಟ್ರಿಕ್, ಓಸ್ರಾಮ್ ಕೂಡ ಇಳಿದವು. ಜನ ಬ್ರಿಡ್ಜನ್ನು ಫಿಲಿಪ್ಸ್‌ನಿಂದ ಕೊಂಡು, ಮೊಗಸಾಲೆಗೆ, ಮೆಟ್ಟಿಲಿಗೆ, ಹಿತ್ತಿಲಿಗೆ ಅಗ್ಗದ ಬಲ್ಬು ಸೇರಿಸಿದರು. ಭಾಷೆ ಒಂದೇ ಆದ್ದರಿಂದ ಅವು ಕೂಡಿಕೊಂಡವು.

2015ರ ಡಿಸೆಂಬರಿನಲ್ಲಿ ಬ್ರಿಡ್ಜಿಗೆ ಒಂದು ಫರ್ಮ್‌ವೇರ್ ಅಪ್‌ಡೇಟ್ ಬಂತು. ಅದಾದ ಮೇಲೆ ಫಿಲಿಪ್ಸ್ ಪ್ರಮಾಣೀಕರಿಸದ ಬಲ್ಬನ್ನು ಹೊಸದಾಗಿ ಸೇರಿಸಲು ಹೋದರೆ ಬ್ರಿಡ್ಜ್ ಒಪ್ಪಲಿಲ್ಲ. ಬಲ್ಬು ಹಾಳಾಗಿರಲಿಲ್ಲ. ಹೋಲ್ಡರಿನಲ್ಲಿ ಸರಿಯಾಗಿ ಕೂತಿತ್ತು, ವಿದ್ಯುತ್ತೂ ಇತ್ತು, ರೇಡಿಯೊ ಕೂಡ ಅದೇ. ಕಂಪನಿ ಕೊಟ್ಟ ಕಾರಣ: ಬೇರೆಯವರ ಎಲ್ಲ ಬಲ್ಬುಗಳೂ ತಮ್ಮ ವ್ಯವಸ್ಥೆಯಲ್ಲಿ ಸರಿಯಾಗಿ ನಡೆಯುತ್ತವೆಂದು ಖಾತ್ರಿ ಕೊಡಲಾಗದು. ಈ ಕಾರಣ ಪೂರಾ ಸುಳ್ಳು ಎಂದು ನಾನು ಹೇಳುವುದಿಲ್ಲ. ಬೇರೆಯವರ ಬಲ್ಬು ತಡವರಿಸಿದಾಗ ಗ್ರಾಹಕ ದೂರು ಕೊಡುವುದು ಬ್ರಿಡ್ಜ್ ಮಾಡಿದವನಿಗೇ. ಆದರೆ ‘ಖಾತ್ರಿ ಕೊಡುವುದಿಲ್ಲ’ ಎನ್ನುವುದಕ್ಕೂ ‘ಬಿಡುವುದಿಲ್ಲ’ ಎನ್ನುವುದಕ್ಕೂ ನಡುವೆ ಇರುವ ದೂರವನ್ನು ಗ್ರಾಹಕರು ಕೂಡಲೇ ಗುರುತಿಸಿದರು. ಅಂತರ್ಜಾಲದಲ್ಲಿ ಗದ್ದಲವೆದ್ದಿತು. ಕೆಲವೇ ದಿನಗಳಲ್ಲಿ ಫಿಲಿಪ್ಸ್ ಅಪ್‌ಡೇಟನ್ನು ಹಿಂದಕ್ಕೆ ತೆಗೆದುಕೊಂಡಿತು.

ಪತ್ರಿಕೆಗಳು ಇದನ್ನು ಗ್ರಾಹಕರ ಗೆಲುವು ಎಂದು ಬರೆದವು. ತಂತ್ರಜ್ಞಾನದ ಚರಿತ್ರೆ ಓದುವವರ ಕಣ್ಣಿಗೆ ಅಲ್ಲಿ ಕಾಣುವುದು ಇನ್ನೊಂದು ಸಂಗತಿ. ಮಾರಾಟವಾಗಿ, ಹಣ ಸಂದಾಯವಾಗಿ, ಮನೆಯೊಳಗೆ ಕೂತ ವಸ್ತುವಿನ ಹೊಂದಾಣಿಕೆಯನ್ನು ರಾತ್ರೋರಾತ್ರಿ ತೆಗೆಯಬಹುದು, ಮತ್ತೆ ಕೊಡಬಹುದು ಎಂಬುದು ಆ ಕೆಲವು ದಿನಗಳಲ್ಲಿ ಎಲ್ಲರಿಗೂ ಗೊತ್ತಾಯಿತು. ಹಿತ್ತಾಳೆಯ ಕಾಲದಲ್ಲಿ ಹೊಂದಾಣಿಕೆ ಅಂದರೆ ಒಂದು ಆಕಾರ. ಈಗ ಅದು ಒಂದು ಅನುಮತಿ. ಫೀಬಸ್ ಕೂಟ ಕನಸಿನಲ್ಲೂ ಕಾಣದ ಅಧಿಕಾರ ಅದು.

ಎಲ್ಲ ಬಾಗಿಲನ್ನೂ ತೆರೆದಿಟ್ಟರೆ ಆಯಿತಲ್ಲ ಎನ್ನುವವರಿಗೆ 2016ರ ಒಂದು ಪ್ರಯೋಗ ನೆನಪಿಸಬೇಕು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಏಯಲ್ ರೋನೆನ್, ಆದಿ ಶಮೀರ್ ಮತ್ತು ಸಂಗಡಿಗರು ಡ್ರೋನ್‌ಗೆ ಒಂದು ಉಪಕರಣ ಕಟ್ಟಿ ಹಾರಿಸಿ, ಕಟ್ಟಡವೊಂದರ ಹ್ಯೂ ಬಲ್ಬುಗಳು ಹೊರಗಿನಿಂದಲೇ ಅಪಾಯದ ಸಂಕೇತ ಮಿನುಗಿಸುವಂತೆ ಮಾಡಿದರು. ಬಲ್ಬಿನಿಂದ ಬಲ್ಬಿಗೆ ಸೋಂಕು ಹೇಗೆ ಹರಡಬಹುದು ಎಂದೂ ತೋರಿಸಿದರು. ಅವರು ನುಸುಳಿದ್ದು ಹೊಸ ಬಲ್ಬನ್ನು ಸುಲಭವಾಗಿ ಸೇರಿಸಿಕೊಳ್ಳಲೆಂದು ಲೈಟ್ ಲಿಂಕ್‌ನಲ್ಲಿ ಇಟ್ಟಿದ್ದ ದಾರಿಯಿಂದಲೇ. ಫಿಲಿಪ್ಸ್‌ಗೆ ಮೊದಲೇ ತಿಳಿಸಿದ್ದರಿಂದ ಕಂಪನಿ ಅದನ್ನು ಸರಿಪಡಿಸಿತು. ಸರಿಪಡಿಸಿದ್ದು ಹೇಗೆ? ಇನ್ನೊಂದು ಅಪ್‌ಡೇಟ್ ಕಳಿಸಿ. ಬೇಡದ ಬಲ್ಬನ್ನು ತಡೆದ ಕೈಯೇ ರೋಗವನ್ನೂ ತಡೆಯಬೇಕು. ಎರಡನ್ನೂ ಬೇರೆ ಬೇರೆ ಮಾಡುವುದು ಹೇಗೆ ಎಂಬುದಕ್ಕೆ ಈ ಉದ್ಯಮದಲ್ಲಿ ಇನ್ನೂ ಸಮಾಧಾನಕರ ಉತ್ತರವಿಲ್ಲ.

ಅನುಮತಿ ಕೊಡುವವನೇ ಅಂಗಡಿ ಮುಚ್ಚಿಕೊಂಡು ಹೋದರೆ? 300 ಡಾಲರ್ ಕೊಟ್ಟು ಕೊಂಡ ರಿವಾಲ್ವ್ ಎಂಬ ಹಬ್ 2016ರ ಮೇ ತಿಂಗಳಲ್ಲಿ, ಅದನ್ನು ಕೊಂಡಿದ್ದ ಕಂಪನಿ ಸೇವೆ ನಿಲ್ಲಿಸಿದಾಗ, ಬರಿ ಡಬ್ಬಿಯಾಯಿತು. 2021ರ ಆಗಸ್ಟ್ 31ರಂದು ಓಸ್ರಾಮ್‌ನ ಲೈಟಿಫೈ ಸರ್ವರುಗಳು ನಿಂತವು. ಆದರೆ ಲೈಟಿಫೈ ಬಲ್ಬುಗಳು ಜಿಗ್‌ಬೀ ಬಲ್ಲವಾಗಿದ್ದರಿಂದ ಬೇರೆ ಹಬ್ಬಿಗೆ ವಲಸೆ ಹೋಗಿ ಬದುಕಿದವು. 2022ರ ಏಪ್ರಿಲಿನಲ್ಲಿ ಇನ್‌ಸ್ಟಿಯಾನ್ ಎಂಬ ಕಂಪನಿ ಹೇಳದೆ ಕೇಳದೆ ಸರ್ವರು ಆರಿಸಿತು. ಅದರ ಭಾಷೆ ಅದಕ್ಕೊಂದಕ್ಕೇ ಸೇರಿದ್ದು. ಕೊನೆಗೆ ಜೂನ್‌ನಲ್ಲಿ ಬಳಕೆದಾರರದೇ ಒಂದು ಸಣ್ಣ ಗುಂಪು ಆ ಕಂಪನಿಯನ್ನೇ ಕೊಂಡುಕೊಂಡಿತು. ಮನೆಯ ದೀಪ ಹತ್ತಲೆಂದು ಕಂಪನಿ ಕೊಂಡವರ ಇನ್ನೊಂದು ಉದಾಹರಣೆ ನನ್ನ ಓದಿನಲ್ಲಿ ಸಿಕ್ಕಿಲ್ಲ.

2019ರ ಡಿಸೆಂಬರಿನಲ್ಲಿ ಅಮೆಜಾನ್, ಆ್ಯಪಲ್, ಗೂಗಲ್ ಮತ್ತು ಜಿಗ್‌ಬೀ ಕೂಟ ಒಟ್ಟಿಗೆ ಕೂತು ಒಂದೇ ಭಾಷೆ ಕಟ್ಟುತ್ತೇವೆ ಎಂದವು. ಅದಕ್ಕೆ 2021ರಲ್ಲಿ ‘ಮ್ಯಾಟರ್’ ಎಂದು ಹೆಸರಾಯಿತು, 2022ರ ಅಕ್ಟೋಬರಿನಲ್ಲಿ ಮೊದಲ ಆವೃತ್ತಿ ಬಂತು. ಒಂದು ಬಲ್ಬು ಏಕಕಾಲಕ್ಕೆ ಇಬ್ಬರು ಮೂವರು ಯಜಮಾನರ ಮಾತು ಕೇಳಬಹುದು ಎಂಬುದು ಅದರ ದೊಡ್ಡ ಗುಣ. ಉರಿಸು, ಆರಿಸು, ಮಂಕು ಮಾಡು, ಬಣ್ಣ ಬದಲಿಸು ಎಂಬ ಮೂಲ ಕೆಲಸಗಳೆಲ್ಲ ಅದರಲ್ಲಿವೆ. ಕಂಪನಿಗಳ ಸ್ವಂತ ಚಮತ್ಕಾರಗಳು ಮಾತ್ರ ಅವರವರ ಆ್ಯಪ್‌ನಲ್ಲೇ ಉಳಿದಿವೆ. ಹಳೆಯ ಜಿಗ್‌ಬೀ ಬಲ್ಬು ಮ್ಯಾಟರನ್ನು ನೇರವಾಗಿ ಆಡುವುದಿಲ್ಲ, ನಡುವೆ ದುಭಾಷಿ ಬೇಕು. 2023ರಲ್ಲಿ ಹ್ಯೂ ಬ್ರಿಡ್ಜಿಗೆ ಆ ದುಭಾಷಿ ಕೆಲಸ ಬಂತು, ಅದೂ ಚೌಕನೆಯ ಬ್ರಿಡ್ಜಿಗೆ. 2012ರ ದುಂಡನೆಯದಕ್ಕೆ ಕಂಪನಿ 2020ರಲ್ಲೇ ಬೆಂಬಲ ನಿಲ್ಲಿಸಿತ್ತು. ಜೊತೆಗೆ ಮ್ಯಾಟರಿನ ಪ್ರತಿ ಸಾಧನದೊಳಗೂ ತಾನು ಯಾರು, ಯಾರ ಮಗ ಎಂದು ಸಾರುವ ಡಿಜಿಟಲ್ ಪ್ರಮಾಣಪತ್ರ ಇರುತ್ತದೆ. ಪ್ರಮಾಣೀಕೃತವಲ್ಲದ ಸಾಧನ ಬಂದರೆ ಎಚ್ಚರಿಸಬೇಕೋ, ಒಳಗೆ ಬಿಡಬಾರದೋ ಎನ್ನುವುದು ಬಹುಮಟ್ಟಿಗೆ ಹಬ್ ಮಾಡಿದವರ ಕೈಯಲ್ಲಿದೆ. 2015ರ ಪ್ರಶ್ನೆ ಹೋಗಿಲ್ಲ. ಒಬ್ಬರ ಮನೆಯಿಂದ ಒಂದು ಕೂಟದ ಕಚೇರಿಗೆ ಹೋಗಿದೆ, ಅಷ್ಟೆ. ಅದು ಸಣ್ಣ ಬದಲಾವಣೆಯೇನಲ್ಲ. ಒಬ್ಬರ ಮರ್ಜಿಗಿಂತ ಹಲವರ ಒಪ್ಪಂದ ಮೇಲು ಎಂದೇ ನನ್ನ ಅನಿಸಿಕೆ.

ನಮ್ಮ ಪೇಟೆಗಳಲ್ಲಿ ಹಬ್ ಕೊಳ್ಳುವವರು ವಿರಳ. ನೇರವಾಗಿ ವೈ-ಫೈಗೆ ಸೇರುವ ಬಲ್ಬುಗಳೇ ಹೆಚ್ಚು ಕಾಣುತ್ತವೆ. ಹಬ್ಬಿನ ಖರ್ಚು ಉಳಿಯುತ್ತದೆ. ಆದರೆ ಇಂಥ ಎಷ್ಟೋ ಬಲ್ಬುಗಳು ಎಲ್ಲೋ ದೂರದ ಸರ್ವರಿನ ಮೂಲಕ ಮಾತಾಡುತ್ತವೆ, ಆ ಸರ್ವರಿನ ಆಯುಸ್ಸೇ ಅವುಗಳ ಆಯುಸ್ಸು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಬಲ್ಬು ಕೇಳಿದರೆ ಈಗಲೂ ಮೊದಲು ಬರುವ ಪ್ರಶ್ನೆ ‘ಪಿನ್ನಿಂದಾ, ತಿರುಪಿಂದಾ?’ ಎಂಬುದೇ. ಅದಕ್ಕೆ ಉತ್ತರ ಹಳೆಯ ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿದರೆ ಸಿಗುತ್ತದೆ. ‘ಯಾವ ಆ್ಯಪ್?’ ಎಂಬುದು ಎರಡನೆಯ ಪ್ರಶ್ನೆ. ಅದಕ್ಕೆ ಅಂಗಡಿಯವರು ಡಬ್ಬಿ ತಿರುಗಿಸಿ, ಹಿಂಬದಿಯಲ್ಲಿ ಸಾಲಾಗಿ ಅಚ್ಚು ಹಾಕಿದ ಚಿಹ್ನೆಗಳನ್ನು ತೋರಿಸುತ್ತಾರೆ.