ಹೆಸರಿನಲ್ಲೇ ನಾಡು ಹೊತ್ತ ಅಮೀರ್‌ಬಾಯಿ

ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ನಮ್ಮ ಮನೆಗಳಲ್ಲಿ ಹಳೆಯ ಹಿಂದಿ ಹಾಡುಗಳನ್ನು ಗುನುಗುವ ಹಿರಿಯರು ಇದ್ದೇ ಇದ್ದಾರೆ. ಆ ದನಿಗಳಲ್ಲೊಂದು ನಮ್ಮ ಬೀಳಗಿಯದು ಎಂದರೆ ಮಕ್ಕಳು ನಂಬಲಾರರು. ಅದಕ್ಕಾಗಿಯೇ ಈ ಸಂಚಿಕೆಯಲ್ಲಿ ಅಮೀರ್‌ಬಾಯಿ ಕರ್ನಾಟಕಿಯವರನ್ನು ನೆನೆಯುತ್ತಿದ್ದೇವೆ.

ಬೀಳಗಿ ಅಂದು ವಿಜಾಪುರ ಜಿಲ್ಲೆಯ, ಮುಂಬಯಿ ಪ್ರಾಂತಕ್ಕೆ ಸೇರಿದ ಊರು. ಇಂದು ಬಾಗಲಕೋಟೆ ಜಿಲ್ಲೆಯಲ್ಲಿದೆ. ಅಕ್ಕ ಗೋಹರ್‌ಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆಗಾತಿಯಾಗಿ ಹೆಸರಾದವರು. ತಂಗಿ ಅಮೀರ್‌ಬಾಯಿ ಹಾಡುಗಾರಿಕೆಯನ್ನೇ ಬಂಡವಾಳ ಮಾಡಿಕೊಂಡು ಮುಂಬಯಿ ಸೇರಿದರು. 1934ರ 'ವಿಷ್ಣುಭಕ್ತಿ'ಯಿಂದ ಚಿತ್ರರಂಗ ಪ್ರವೇಶಿಸಿದರು. ಹಾಡು ಬಲ್ಲವರೇ ಪರದೆಯ ಮೇಲೂ ನಟಿಸಬೇಕಾಗಿದ್ದ ಕಾಲವದು. ಹಾಗಾಗಿ ಗಾಯಕಿಗೆ ನಟಿಯಾಗುವ ದಾರಿ ತೆರೆಯಿತು.

ಆದರೆ ದೊಡ್ಡ ಕೀರ್ತಿ ಬಂದದ್ದು ಮುಖದಿಂದಲ್ಲ, ಕಂಠದಿಂದ. 1943ರಲ್ಲಿ ಬಾಂಬೆ ಟಾಕೀಸಿನ 'ಕಿಸ್ಮತ್' ತೆರೆಕಂಡಿತು. ಸಂಗೀತ ಅನಿಲ್ ಬಿಸ್ವಾಸರದು. ತೆರೆಯ ಮೇಲೆ ಮುಮ್ತಾಜ್ ಶಾಂತಿ, ತೆರೆಯ ಹಿಂದೆ ನಮ್ಮ ಅಮೀರ್‌ಬಾಯಿ. ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಅದು ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಅದರಲ್ಲಿ ಕವಿ ಪ್ರದೀಪರ ಒಂದು ದೇಶಭಕ್ತಿ ಗೀತೆಯಿದೆ. ಜರ್ಮನಿ, ಜಪಾನ್‌ಗಳ ಹೆಸರೆತ್ತಿದ್ದರಿಂದ ಸೆನ್ಸಾರಿನ ಕಣ್ಣು ತಪ್ಪಿಸಿತು. ಅದು ಯಾರಿಗೆ ಹೇಳಿದ ಮಾತೆಂಬುದು ಕೇಳಿದ ಜನಕ್ಕೆ ತಿಳಿಯದೇ ಹೋಗಲಿಲ್ಲ. ಆ ದನಿಯಲ್ಲೂ ಅಮೀರ್‌ಬಾಯಿ ಇದ್ದಾರೆ. 1948ರ 'ಶೆಹನಾಜ್' ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶಕಿ. ಹೆಂಗಸರು ಆ ಕುರ್ಚಿಯಲ್ಲಿ ಕೂತದ್ದು ಅಪರೂಪದ ಸಂಗತಿಯೇ ಸರಿ.

ಮನೆಯ ಸುಖ ಮಾತ್ರ ಅಷ್ಟಕ್ಕಷ್ಟೆ. ನಟ ಹಿಮಾಲಯವಾಲಾರೊಡನೆ ನಡೆದ ಮದುವೆ ದುಃಖದಲ್ಲಿ ಮುಗಿಯಿತು. 1949ರ ಹೊತ್ತಿಗೆ ಲತಾ ಮಂಗೇಶ್ಕರರ ತೆಳುದನಿ ಬಂದು, ತುಂಬುಕಂಠದ ಗಾಯಕಿಯರಿಗೆ ಕೆಲಸ ಕಡಿಮೆಯಾಯಿತು. ಅಮೀರ್‌ಬಾಯಿ ಹಿಂಜರಿಯದೆ ಪೋಷಕ ಪಾತ್ರಗಳಲ್ಲಿ ನಟಿಸುತ್ತ ಹೋದರು. 1965ರ ಮಾರ್ಚ್ 3ರಂದು ತೀರಿಕೊಂಡರು.

ಇಲ್ಲೊಂದು ಮಾತು ನಮ್ಮೆಲ್ಲರಿಗೂ ತಟ್ಟಬೇಕು. ಏಕೀಕರಣವಾದದ್ದು 1956ರಲ್ಲಿ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಅದಕ್ಕೂ ಎಷ್ಟೋ ವರ್ಷ ಮೊದಲೇ, ಅಂಥದೊಂದು ರಾಜ್ಯ ನಕಾಶೆಯಲ್ಲೇ ಇಲ್ಲದಾಗ, ಈ ಅಕ್ಕತಂಗಿಯರು ಪರಭಾಷೆಯ ಬೀದಿಯಲ್ಲಿ ನಿಂತು 'ಕರ್ನಾಟಕಿ' ಎಂದು ಕರೆಸಿಕೊಂಡರು. ಹಾಡಿದ್ದು ಹಿಂದಿಯಲ್ಲಾದರೂ ತಟ್ಟೆಯ ಮೇಲೆ ಅಚ್ಚಾದದ್ದು ನಮ್ಮ ನಾಡಿನ ಹೆಸರು.

ಹೊಟ್ಟೆಪಾಡಿಗೆ ನಾವೂ ಇಲ್ಲಿ ನಾಲ್ಕು ಭಾಷೆ ಆಡುತ್ತೇವೆ, ಅದರಲ್ಲಿ ತಪ್ಪಿಲ್ಲ. ನಮ್ಮ ಮಕ್ಕಳು ತಮ್ಮ ಹೆಸರಿನ ಪಕ್ಕದಲ್ಲಿ ಯಾವ ಊರನ್ನು ಇಟ್ಟುಕೊಳ್ಳುತ್ತಾರೆ ಎಂಬುದಷ್ಟೇ ಪ್ರಶ್ನೆ. ಮುಂದಿನ ಬಾರಿ ಮನೆಯಲ್ಲಿ 'ಕಿಸ್ಮತ್' ಹಾಡು ಕೇಳಿಬಂದರೆ, ದಯವಿಟ್ಟು ಮಕ್ಕಳನ್ನು ಕರೆದು ಬೀಳಗಿಯ ಹೆಸರು ಹೇಳಿ.