ರಂಗಯ್ಯನದುರ್ಗ ಕೊಂಡುಕುರಿ ವನ್ಯಜೀವಿಧಾಮ

ರಂಗಯ್ಯನದುರ್ಗ ಕೊಂಡುಕುರಿ ವನ್ಯಜೀವಿಧಾಮವು ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿರುವ ಸಂರಕ್ಷಿತ ಅರಣ್ಯ ಪ್ರದೇಶ. ಸುಮಾರು 77 ಚದರ ಕಿಲೋಮೀಟರ್ ವಿಸ್ತೀರ್ಣದ ಈ ಕಾಡನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಕುರುಚಲು ಗಿಡಗಳು, ಹುಲ್ಲು ಹಾಗೂ ಎಲೆಯುದುರುವ ಮರಗಳಿಂದ ಕೂಡಿದ ಒಣಕಾಡು ಇದಾಗಿದೆ.

ಕೊಂಡುಕುರಿ

ಭಾರತ ಮತ್ತು ನೇಪಾಳಗಳಲ್ಲಿ ಮಾತ್ರ ಕಂಡುಬರುವ ಈ ಪ್ರಾಣಿ ಹುಲ್ಲೆಗಳ ಗುಂಪಿಗೆ ಸೇರಿದ್ದು, ಗಂಡಿಗೆ ನಾಲ್ಕು ಕೊಂಬುಗಳಿರುತ್ತವೆ. ಮುಂದಿನ ಜೋಡಿ ಗಿಡ್ಡ, ಹಿಂದಿನದು ಉದ್ದ. ಹೆಣ್ಣಿಗೆ ಕೊಂಬಿಲ್ಲ. ಕೃಷ್ಣಮೃಗದಂತೆ ಹಿಂಡುಗಟ್ಟದೆ ಒಂಟಿಯಾಗಿ ಅಥವಾ ಜೋಡಿಯಾಗಿ ಬಾಳುವ ಇದು ಒಂದೇ ಸ್ಥಳದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕುತ್ತದೆ. ಇದರಿಂದಲೇ ಅದರ ಇರುವಿಕೆಯನ್ನು ಗುರುತಿಸಲು ಸಾಧ್ಯ.

ಸಂರಕ್ಷಣೆ

ಕೊಂಡುಕುರಿಯು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ. ಅದಕ್ಕೆ ಆಗಾಗ್ಗೆ ಕುಡಿಯುವ ನೀರು ಬೇಕು. ಜಗಳೂರು ಬರಪೀಡಿತ ತಾಲ್ಲೂಕು. ಆದ್ದರಿಂದ ಬೇಸಿಗೆಯಲ್ಲಿ ಕಾಡಿನೊಳಗೆ ನೀರು ಉಳಿಯುವುದು ಅದರ ಅಳಿವು ಉಳಿವಿನ ಪ್ರಶ್ನೆ. ಅಡಗಲು ಎತ್ತರದ ಹುಲ್ಲೂ ಅಗತ್ಯವಾದುದರಿಂದ ಕಾಳ್ಗಿಚ್ಚು ಮತ್ತು ಅತಿಯಾದ ಜಾನುವಾರು ಮೇವು ಅದಕ್ಕೆ ಹಾನಿಕರ.

ಭೇಟಿ

ಮೃಗಾಲಯದಂತೆ ಇಲ್ಲಿ ಪ್ರಾಣಿಗಳನ್ನು ಬೇಲಿಯೊಳಗೆ ಇರಿಸಿಲ್ಲ. ಕೊಂಡುಕುರಿ ಬಹಳ ಸಂಕೋಚದ ಪ್ರಾಣಿಯಾದುದರಿಂದ ಕಾಣಸಿಗುವುದು ಅಪರೂಪ. ಮುಂಜಾನೆ ಮತ್ತು ಸಂಜೆ ವೀಕ್ಷಣೆಗೆ ಅನುಕೂಲ. ಪ್ರವೇಶಕ್ಕೆ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು.